ಮೂಲೆಯಲ್ಲೊಂದು ಸಿಮೆಂಟ್ ಕುರಿ

ಮೊದಲು ಅದರ ಗಾತ್ರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾವುದೂ ನಂಬಿಕೆ ಬರುವುದಿಲ್ಲ. ತಮಿಳುನಾಡಿನ ಗಡಿಯ ಹೊಸೂರಿನ ಹತ್ತಿರ, ಅವಲಪಲ್ಲಿಯಲ್ಲಿ ನಮ್ಮ ಬಡಾವಣೆಗೆ ತಿರುಗುವ ಮೂಲೆಯಲ್ಲಿ ನಿಂತಿರುವ ಸಿಮೆಂಟ್ ಕುರಿ ಒಂದು ಎಮ್ಮೆಯಷ್ಟು ದೊಡ್ಡದು. ಅದು ಕುರಿ ಅಂತ ಗೊತ್ತಾಗುವುದು ಕೊಂಬಿನಿಂದ. ಎರಡು ಕೊಂಬೂ ಕಿವಿಯ ಹಿಂದಿನಿಂದ ಸುತ್ತಿಕೊಂಡು ಬಂದು ಕೆನ್ನೆಯ ಪಕ್ಕ ಚಕ್ಕುಲಿಯ ಹಾಗೆ ಮುಗಿಯುತ್ತವೆ. ಕಾಲುಗಳು ಮಾತ್ರ ಮನೆಯ ಪಿಲ್ಲರುಗಳು, ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ. ಕತ್ತು ಒಂಚೂರು ಪಕ್ಕಕ್ಕೆ ತಿರುಗಿದೆ. ಮುಖ ಹೇಗಿದೆ ಅಂದರೆ, ಹೆಸರು ಮರೆತುಹೋದ ನೆಂಟರು ಮದುವೆ ಮನೆಯಲ್ಲಿ ಎದುರಾದಾಗ ನಾವೆಲ್ಲ ಒಂದು ಮುಖ ಮಾಡುತ್ತೇವಲ್ಲ, ಹಾಗೆ.

ನಾನು ಶಿಲ್ಪ ಓದಿದವನಲ್ಲ. ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಆದರೆ ಫೋನಿನಲ್ಲಿ ನೋಡಿ ನೋಡಿ, ಮನೆಯ ತಾರಸಿಯ ಮೇಲೆ ಸಿಮೆಂಟಿನಲ್ಲಿ ಸಣ್ಣಪುಟ್ಟ ಪ್ರಾಣಿಗಳನ್ನು ಮಾಡುವುದು ಕಲಿತಿದ್ದೇನೆ. ರಜೆ ಸಿಕ್ಕರೆ ಸಾಕು, ಬೈಕ್ ತೆಗೆದುಕೊಂಡು ಎಲ್ಲೆಲ್ಲಿ ಸಿಮೆಂಟ್ ಪ್ರಾಣಿ ಇದೆಯೋ ಅಲ್ಲಿಗೆಲ್ಲ ಹೋಗುತ್ತೇನೆ. ಬೇರಿಕೆಯಲ್ಲಿ ಒಂದು ಮನೆಯ ಗೇಟಿನ ಮೇಲೆ ಎರಡು ಸಿಂಹಗಳಿವೆ, ಒಂದಕ್ಕೆ ಸಿಂಹದ ಮುಖ, ಇನ್ನೊಂದಕ್ಕೆ ಆ ಮನೆಯ ಯಜಮಾನರ ಮುಖ. ಕೃಷ್ಣಗಿರಿ ಕಡೆ ದಾರಿಯಲ್ಲಿ ಗುಡಿಗಳ ಮುಂದೆ ಕಾಲೆತ್ತಿ ನಿಂತ ಕುದುರೆಗಳಿವೆ, ಅವುಗಳ ಹೊಟ್ಟೆಯ ಕೆಳಗೆ ನಿಂತರೆ ಮಳೆ ಬಂದರೂ ನೆನೆಯುವುದಿಲ್ಲ. ಇಷ್ಟೆಲ್ಲ ನೋಡಿ ಬಂದ ಮೇಲೂ ನಮ್ಮ ಮೂಲೆಯ ಕುರಿಯ ಮುಂದೆ ಬಂದರೆ ನನಗೆ ಮಾತು ನಿಲ್ಲುತ್ತದೆ. ಅದರಲ್ಲೂ ಮಂಜು ಬಿದ್ದ ಬೆಳಿಗ್ಗೆಗಳಲ್ಲಿ. ರಸ್ತೆ ಇಲ್ಲ, ಅಂಗಡಿ ಇಲ್ಲ, ಲೈಟು ಕಂಬ ಇಲ್ಲ, ಎಲ್ಲ ಬೆಳ್ಳಗೆ. ಅದರೊಳಗಿಂದ ಮೊದಲು ಒಂದು ಕೊಂಬು ಬರುತ್ತದೆ. ಆಮೇಲೆ ನಿಧಾನವಾಗಿ ಆ ಮುಖ. ಕುರಿ ಎಲ್ಲೂ ಹೋಗಿಲ್ಲ, ನಾವೇ ಅದರ ಹತ್ತಿರ ಬರುತ್ತಿದ್ದೇವೆ ಅಂತ ಗೊತ್ತಿದ್ದರೂ ಮೈ ಜುಂ ಅನ್ನುತ್ತದೆ.

ಬಡಾವಣೆಯವರು ಅದನ್ನು ಸುಮ್ಮನೆ ಬಿಟ್ಟಿಲ್ಲ. ಸಂಕ್ರಾಂತಿಗೆ ಕೊಂಬಿಗೆ ಬಣ್ಣ, ಕುತ್ತಿಗೆಗೆ ಗೆಜ್ಜೆ. ಚಳಿಗೆ ಮಂಕಿ ಕ್ಯಾಪು. ಪರೀಕ್ಷೆಗೆ ಹೋಗುವ ಮಕ್ಕಳು ಮೂಗು ಸವರಿ ಹೋಗುತ್ತಾರೆ, ಹಾಗಾಗಿ ಮೂಗಿಗೆ ಎಷ್ಟು ಬಣ್ಣ ಹೊಡೆದರೂ ನಿಲ್ಲುವುದಿಲ್ಲ. ಕೊರಿಯರಿನವರಿಗೆ, ಗ್ಯಾಸಿನವರಿಗೆ, ಹೆಣ್ಣು ನೋಡಲು ಬರುವವರಿಗೆ ಎಲ್ಲರಿಗೂ ನಾವು ಹೇಳುವುದು ಒಂದೇ ಮಾತು, "ಕುರಿ ಹತ್ರ ಬಂದು ಫೋನ್ ಮಾಡಿ." ಬಸ್ಸಿನಲ್ಲಿ ಅದು ಕುರಿ ಸ್ಟಾಪು. ಕನ್ನಡದವರೂ ಕುರಿ ಸ್ಟಾಪು ಅನ್ನುತ್ತಾರೆ, ತೆಲುಗಿನವರೂ ಕುರಿ ಸ್ಟಾಪು ಅನ್ನುತ್ತಾರೆ, ತಮಿಳಿನವರೂ ಕುರಿ ಸ್ಟಾಪು ಅನ್ನುತ್ತಾರೆ.

ಇಲ್ಲೇ ಇರುವುದು ವಿಷಯ. ತಮಿಳಿನಲ್ಲಿ ಕುರಿಗೆ ಕುರಿ ಅನ್ನುವುದಿಲ್ಲ, ಆಡು ಅನ್ನುತ್ತಾರೆ. ತಮಿಳಿನಲ್ಲಿ ಕುರಿ ಅಂದರೆ ಗುರುತು.

ಆ ಕುರಿಯನ್ನು ಮಾಡಿದವರು ನಮ್ಮ ದೊಡ್ಡಪ್ಪ, ನನ್ನ ತಂದೆಯ ಅಣ್ಣ. ಆಗ ಅವರು ಮೇಸ್ತ್ರಿ. ತಳಿ ಕಡೆಯ ಹಳ್ಳಿಯಿಂದ ಬಂದು ಹೊಸೂರಿನಲ್ಲಿ ಗಾರೆ ಕೆಲಸ ಮಾಡಿಸುತ್ತಿದ್ದರು. ನಮ್ಮ ಬಡಾವಣೆ ಆಗಷ್ಟೇ ಎದ್ದೇಳುತ್ತಿತ್ತು. ಮನೆ ಕಟ್ಟಿಸುತ್ತಿದ್ದವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅದಕ್ಕೆ ತಲೈವರು, ಅಂದರೆ ಅಧ್ಯಕ್ಷರು, ರಿಟೈರ್ ಆದ ಒಬ್ಬ ತಮಿಳು ಮೇಷ್ಟರು. ಮನೆ ನೋಡಲು ಬಂದವರೆಲ್ಲ ತಿರುವು ಗೊತ್ತಾಗದೆ ಮುಂದಕ್ಕೆ ಹೋಗಿಬಿಡುತ್ತಿದ್ದರು. ಅದಕ್ಕೆ ತಲೈವರು ಯಾವುದೋ ಮದುವೆಗೆ ಸೇಲಂಗೆ ಹೋದವರು ಅಲ್ಲಿಂದಲೇ ದೊಡ್ಡಪ್ಪನಿಗೆ ಫೋನ್ ಮಾಡಿದರು. ಈ ಕಡೆ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು.

"ಮೂಲೇಲ ಪೆರಿಸಾ ಒರು ಕುರಿ ವೆಚ್ಚಿಡಪ್ಪಾ" ಅಂದರು ತಲೈವರು.

ದೊಡ್ಡಪ್ಪನಿಗೆ ಆಗ ಬರುತ್ತಿದ್ದದ್ದು ಸಂತೆಯ ತಮಿಳು, ಬಸ್ಸಿನ ತಮಿಳು. ಈ ವಾಕ್ಯ ಅವರಿಗೆ ಪೂರ್ತಿ ಅರ್ಥವಾಯಿತು. ಮೂಲೆಯಲ್ಲಿ ದೊಡ್ಡದಾಗಿ ಒಂದು ಕುರಿ ಇಟ್ಟುಬಿಡು. ಅನುಮಾನ ಪಡಲು ಕಾರಣವೂ ಇರಲಿಲ್ಲ. ಬಡಾವಣೆ ಆಗುವ ಮೊದಲು ಆ ಬಯಲಿನಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ದೊಡ್ಡಪ್ಪ ಚಿಕ್ಕವರಿದ್ದಾಗ ತಾವೇ ಮಂದೆಯ ಜೊತೆ ಅಲ್ಲಿಗೆ ಬಂದಿದ್ದವರು. ಪರವಾಗಿಲ್ಲ, ದೊಡ್ಡ ಮನುಷ್ಯರು ಹಳೆಯದನ್ನು ಮರೆತಿಲ್ಲ ಅಂದುಕೊಂಡು ಅವರಿಗೆ ಸಂತೋಷವೂ ಆಯಿತಂತೆ. ಆದರೂ ಕೆಲಸದವರಲ್ಲವೆ, ಕೇಳಿ ಖಾತ್ರಿ ಮಾಡಿಕೊಂಡರು.

"ಒಂದೇ ಸಾಕಾ ಸಾರ್?"

"ಒಣ್ಣು ಪೋದುಂ." ಒಂದು ಸಾಕು.

"ಬಣ್ಣ?"

"ವೆಳ್ಳೆ ಅಡಿಚ್ಚುಡು." ಬಿಳಿ ಹೊಡೆದುಬಿಡು.

"ಯಾವ್ ಕಡೆ ನೋಡ್ಬೇಕು ಸಾರ್?"

"ರೋಡ್ ಪಕ್ಕಂದಾನ್ ಪಾಕ್ಕಣುಂ. ಬಸ್ಸುಲ ವರವಂಗಳುಕ್ಕು ತೆರಿಯಣುಂಲ್ಲ!" ರಸ್ತೆ ಕಡೆಗೇ ನೋಡಬೇಕು, ಬಸ್ಸಿನಲ್ಲಿ ಬರುವವರಿಗೆ ಕಾಣಬೇಕಲ್ಲ.

ಒಂದೇ ಒಂದು ಪ್ರಶ್ನೆ ಎಡವಿದ್ದರೂ ಕುರಿ ಹುಟ್ಟುತ್ತಿರಲಿಲ್ಲ. ಎಡವಲಿಲ್ಲ. ತಲೈವರ ಮನಸ್ಸಿನಲ್ಲಿ ಇದ್ದದ್ದು ಸುಣ್ಣ ಬಳಿದ ಒಂದು ಕಲ್ಲು. ಅವರು ಮದುವೆ ಮುಗಿಸಿ, ನೆಂಟರ ಮನೆಯಲ್ಲಿ ತಿಂಗಳಿದ್ದು ಬಂದು ಬಸ್ಸಿಳಿದಾಗ ಎದುರಿಗೆ ಎಮ್ಮೆಯಷ್ಟು ಕುರಿ ಬೆಳ್ಳಗೆ ನಿಂತು ಅವರನ್ನೇ ನೋಡುತ್ತಿತ್ತು.

ಅವರು ಬೈಯಲಿಲ್ಲ. ನಕ್ಕರು. ಮರಳಿನ ಗುಡ್ಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಂಘದ ಪ್ರತಿ ಮೀಟಿಂಗಿನಲ್ಲೂ, ಪ್ರತಿ ಗೃಹಪ್ರವೇಶದಲ್ಲೂ ಆ ಕಥೆ ಹೇಳಿದರು. ಕುರಿಯನ್ನು ತೆಗೆಸಲಿಲ್ಲ, ತಾವು ಇರುವವರೆಗೂ ಮುಟ್ಟಲು ಯಾರನ್ನೂ ಬಿಡಲಿಲ್ಲ. ಆದರೆ ಕಥೆ ಅವರ ಬಾಯಿಂದ ಬೇರೆಯವರ ಬಾಯಿಗೆ ಹೋಗುವಾಗ ಬದಲಾಯಿತು. ಕನ್ನಡದಲ್ಲಿ ಕುರಿ ಮಾಡುವುದು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ದೊಡ್ಡಪ್ಪ ಒಂದು ಕುರಿ ಮಾಡಿದರು. ಊರು ದೊಡ್ಡಪ್ಪನನ್ನೇ ಕುರಿ ಮಾಡಿತು.

ಸ್ವಲ್ಪ ವರ್ಷ ಕಳೆದ ಮೇಲೆ ಅವರು ಮೇಸ್ತ್ರಿ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ಸೇವಂತಿಗೆ, ಕೋಸು ಬೆಳೆಯುತ್ತ ಕೂತರು. ನಮ್ಮ ಮನೆಗೆ ಬರುತ್ತಿದ್ದರು, ಆದರೆ ಹಿಂದಿನ ಸ್ಟಾಪಿನಲ್ಲೇ ಇಳಿದು, ಒಳರಸ್ತೆಯಲ್ಲಿ ಸುತ್ತು ಹಾಕಿ ನಡೆದು ಬರುತ್ತಿದ್ದರು. ಆ ಮೂಲೆಯ ಕಡೆ ಒಂದು ಸಲವೂ ಕಾಲಿಟ್ಟವರಲ್ಲ. ತಾನು ಮಾಡಿದ್ದು ಹೇಗೆ ಬಾಳುತ್ತಿದೆ ಅಂತ ನೋಡದ ಶಿಲ್ಪಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ವರ್ಷ ರಸ್ತೆ ಅಗಲ ಮಾಡಲು, ಚರಂಡಿ ತೆಗೆಯಲು ಬಂದರು. ಕುರಿ ನಿಂತ ಜಾಗದ ಮೇಲೇ ಚರಂಡಿ ಹೋಗಬೇಕಿತ್ತು. ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಒಬ್ಬ ಕೆಂಪು ಪೇಂಟಿನಲ್ಲಿ ಕುರಿಯ ಪಕ್ಕೆಯ ಮೇಲೆ ದೊಡ್ಡ ಗುಣಾಕಾರದ ಗುರುತು ಹಾಕಿ, "ಕುರಿ ಪೋಟ್ಟಾಚ್ಚು" ಅಂತ ಯಾರಿಗೋ ಫೋನಿನಲ್ಲಿ ಹೇಳಿದ. ಗುರುತು ಹಾಕಿ ಆಯಿತು. ಟೀ ಅಂಗಡಿಯಲ್ಲಿ ನಿಂತಿದ್ದ ನಾವೆಲ್ಲ ನಕ್ಕೆವು. ಆಮೇಲೆ ಅವನು ನಮ್ಮ ಕಡೆ ತಿರುಗಿ ಸೋಮವಾರ ಜೆಸಿಬಿ ಬರುತ್ತದೆ, ಬೇಕಿದ್ದರೆ ಅಷ್ಟರೊಳಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಒಡೆದುಹಾಕುತ್ತೇವೆ ಅಂದ. ನಗು ನಿಂತಿತು. ಎಮ್ಮೆಯಷ್ಟು ಸಿಮೆಂಟನ್ನು ಯಾರು ತೆಗೆಯುತ್ತಾರೆ, ಹೇಗೆ ತೆಗೆಯುತ್ತಾರೆ?

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹಬ್ಬದ ವಿಷಯ ಮಾತಾಡಲು ದೊಡ್ಡಪ್ಪನಿಗೆ ಫೋನ್ ಮಾಡಿದಾಗ ಇದನ್ನೂ ಹೇಳಿಬಿಟ್ಟರು. ದೊಡ್ಡಪ್ಪನ ದನಿ ಫೋನಿನಿಂದ ಹೊರಗೆ ನನಗೂ ಕೇಳುವಷ್ಟು ಜೋರಾಗಿ ಬಂತು.

"ಒಡೆಯಾಕೆ ಇನ್ಯಾರ್ನೋ ಯಾಕ್ ಕರೀತೀರ? ನಾನೇ ಬತ್ತೀನಿ. ನನ್ ಕೈಯಾರ ಒಡ್ದಾಕ್ಬುಡ್ತೀನಿ. ಪೀಡೆ ಕಳೀಲಿ."

ಅಮ್ಮ ಫೋನ್ ಇಟ್ಟು ನನ್ನ ಮುಖ ನೋಡಿದರು. "ಹೋಗು, ನೀನೇ ಮಾತಾಡು. ನಿನ್ ಮಾತು ಕೇಳಿದ್ರೂ ಕೇಳ್ಬೋದು."

ಭಾನುವಾರ ಸಂಜೆ ಬಸ್ಸಿನಲ್ಲಿ ತಳಿ ಕಡೆಗೆ, ದೊಡ್ಡಪ್ಪನ ಹಳ್ಳಿಗೆ ಹೋದೆ. ದೊಡ್ಡಪ್ಪ ಸೇವಂತಿಗೆ ಸಾಲಿನ ಮಧ್ಯೆ ಕೂತು ಕಳೆ ಕೀಳುತ್ತಿದ್ದರು. ಬದುವಿನ ಮೇಲೆ ಗೋಣಿ ಚೀಲ. ಅದರಿಂದ ದೊಡ್ಡ ಸುತ್ತಿಗೆಯ ಹಿಡಿ ಆಗಲೇ ಹೊರಗೆ ಚಾಚಿತ್ತು.

"ದೊಡ್ಡಪ್ಪ, ಒಡೆಯೋದು ಬ್ಯಾಡ. ಎಂಗಾದ್ರೂ ಮಾಡಿ ಪಕ್ಕಕ್ಕೆ ಇಡಾನ" ಅಂದೆ.

"ನಿಂಗೇನ್ಲಾ ಗೊತ್ತು ಅದರ ಕಷ್ಟ? ಮದ್ವೆ ಮನೇಲಿ ಪಂಕ್ತಿಗೆ ಕೂತ್ರೆ ಬಡಿಸೋನೂ ಕುರಿ ಮೇಸ್ತ್ರಿಗೆ ಇನ್ನೊಂದ್ ಸೌಟು ಹಾಕ್ಲಾ ಅಂತಾನೆ. ಸೆಂಟ್ರಿಂಗ್ ಹುಡುಗ್ರು ಬೆನ್ನಿಂದೆ ಮ್ಯಾ ಅಂದವ್ರೆ. ನನ್ ಮುಂದೆ ನಿಂತು ಅನ್ನಾಕೆ ಧೈರ್ಯ ಇಲ್ಲ, ಬೆನ್ನಿಂದೆ!"

"ಅದೆಲ್ಲಾ ಹಳೇದು."

"ನಿಂಗೆ ಹಳೇದು ಕಣ್ಲಾ. ತಲೈವರು ನಕ್ಕಿದ್ದು ಇನ್ನೂ ನನ್ ಕಿವೀಲಿ ಐತೆ. ಒಳ್ಳೇ ಮನುಸ್ಯ ಅವ್ರು. ಅದೇ ಬೇಜಾರು. ಬೈದಿದ್ರೆ ನಾನೂ ಬೈದು ಮರ್ತೋಗ್ತಿದ್ದೆ."

ಮನೆಯ ಜಗಲಿಯ ಮೇಲಿಂದ ದೊಡ್ಡಮ್ಮ ಕೂಗಿ ಹೇಳಿದರು. "ಹಬ್ಬಕ್ಕೆ ಕೂಡ ಕುರಿ ತರಾಕಿಲ್ಲ ಕಣಪ್ಪಾ ಈಯಪ್ಪ. ಸಂತೇಲಿ ಕುರಿ ಹಿಡ್ಕಂಡು ನಡೆದ್ರೆ ಯಾರಾನಾ ನಗ್ತಾರಂತೆ. ನಂಗೆ ಬರೀ ಕೋಳಿ ಸಾರೇ ಗತಿಯಾಗೋಯ್ತು!"

"ನೀ ಸುಮ್ಕಿರೇ" ಅಂದರು ದೊಡ್ಡಪ್ಪ. ಆದರೆ ನಗು ಬರಲಿಲ್ಲ ಅವರಿಗೆ. "ಕೇಳ್ಲಾ ಮಗ. ಅದು ನಿಂತಿರೋ ಗಂಟ ನಾನು ಕುರಿ. ಅದು ಬಿದ್ಮ್ಯಾಕೆ ಯಾರೂ ನನ್ನ ಏನೂ ಅನ್ನಂಗಿಲ್ಲ. ಅಷ್ಟೇಯ."

ನಾನು ಕಲಿತದ್ದೆಲ್ಲ ಹೇಳಿದೆ. ಅಂಥ ಕೊಂಬು ಈ ಸುತ್ತಿನಲ್ಲಿ ಎಲ್ಲೂ ಇಲ್ಲ, ಕತ್ತು ತಿರುಗಿಸಿರುವ ರೀತಿ ನೋಡಿದರೆ ಉಸಿರಾಡುತ್ತಿದೆ ಅನ್ನಿಸುತ್ತದೆ, ಅಂತೆಲ್ಲ. ಅವರು ಕಳೆ ಕೀಳುವುದು ನಿಲ್ಲಿಸಲಿಲ್ಲ. ಅವರ ಜೊತೆ ಅಲ್ಲೇ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹತ್ತಿದೆವು. ಹೂವಿನ ಮೂಟೆಗಳ ಮಧ್ಯೆ ಸುತ್ತಿಗೆಯ ಚೀಲ ಇಟ್ಟುಕೊಂಡು ದೊಡ್ಡಪ್ಪ ಕೂತರು. ಕಂಡಕ್ಟರ್ ಬಂದ. ದೊಡ್ಡಪ್ಪನ ಬಾಯಿಂದ ಸ್ಟಾಪಿನ ಹೆಸರು ಹೊರಡಲಿಲ್ಲ. ನಾನೇ ಹೇಳಿದೆ.

"ಎರಡು ಕುರಿ."

"ಎರಡು ಕುರಿ!" ಅಂತ ಕಂಡಕ್ಟರ್ ಗಟ್ಟಿಯಾಗಿ ಹೇಳಿಕೊಂಡು ಟಿಕೆಟ್ ಹರಿದ.

"ನೋಡ್ದೇನ್ಲಾ" ಅಂದರು ದೊಡ್ಡಪ್ಪ ನನ್ನ ಕಿವಿಯಲ್ಲಿ. "ಈಗ ನೀನೂ ಸೇರ್ಕಂಡೆ."

ನಾವು ಇಳಿದಾಗ ಮಂಜು ಇತ್ತು. ಬಸ್ಸು ಮುಂದೆ ಹೋದ ಮೇಲೆ ಎದುರಿಗೆ ಏನೂ ಕಾಣಲಿಲ್ಲ. ದೊಡ್ಡಪ್ಪ ರಸ್ತೆ ದಾಟಲು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಮಂಜಿನೊಳಗಿಂದ ಕೊಂಬು ಬಂದಿತ್ತು.

ನಾನು ಅವರ ಮುಖ ನೋಡುತ್ತಿದ್ದೆ. ಅವರು ಕೋಪದಲ್ಲಿ ಬಂದವರು, ಆದರೆ ಆ ಕ್ಷಣ ಅವರ ಬಾಯಿ ಸ್ವಲ್ಪ ತೆರೆದೇ ಇತ್ತು. ತಾವು ಮಾಡಿದ್ದು ಇಷ್ಟು ದೊಡ್ಡದು ಅನ್ನುವುದು ಅವರಿಗೂ ಮರೆತುಹೋಗಿತ್ತೋ ಏನೋ.

ಹತ್ತಿರ ಹೋದೆವು. ಕುರಿಯ ಬೆನ್ನ ಮೇಲೆ ಯಾರದೋ ಟಿಫನ್ ಬ್ಯಾಗು. ಶಿಫ್ಟ್ ಬಸ್ಸಿಗೆ ಕಾಯುವವರು ನಾಲ್ಕಾರು ಜನ ಅದಕ್ಕೆ ಒರಗಿ ನಿಂತಿದ್ದರು. ಮುಂಗಾಲಿನ ಹತ್ತಿರ ಹೂವಿನ ಅಕ್ಕ ಬುಟ್ಟಿ ಇಟ್ಟುಕೊಂಡು ಸೇವಂತಿಗೆ ಕಟ್ಟುತ್ತಿದ್ದಳು. ಬೇರಿಕೆ ಕಡೆಯ ತೆಲುಗಿನವಳು, ಎಲ್ಲ ಭಾಷೆಯಲ್ಲೂ ಬೈಯಬಲ್ಲವಳು. ಅವಳ ಕಣ್ಣು ನೇರವಾಗಿ ಗೋಣಿ ಚೀಲದ ಮೇಲೆ ಬಿತ್ತು.

"ಏಮಣ್ಣಾ, ಸುತ್ತಿಗೆ ಯಾಕೆ ತಂದೆ? ಕಂಟ್ರಾಕ್ಟರ್ ಕಡೆಯೋನಾ?"

"ಒಡೆಯಾಕೆ" ಅಂದರು ದೊಡ್ಡಪ್ಪ.

"ಯಾರಪ್ಪನ್ ಮನೆ ಕುರಿ ಅಂತ ಒಡೀತೀಯಾ?"

ನಾನು ಹೇಳಲು ಬಾಯಿ ತೆರೆದೆ, ದೊಡ್ಡಪ್ಪ ನನ್ನ ಕೈ ಹಿಂಡಿದರು. ಅಕ್ಕ ನಿಲ್ಲಿಸಲಿಲ್ಲ.

"ಮದ್ವೆ ಆಗಿ ಹೊಸದಾಗಿ ಬಂದಾಗ ನಂಗೆ ಈ ಊರಾಗೆ ಒಂದೂ ಗೊತ್ತಿಲ್ಲ. ಬೋರ್ಡು ನೋಡಿದ್ರೆ ಯಾವ ಬಾಸೆದೋ, ನಂಗೆ ಯಾವುದೂ ಓದಾಕೆ ಬರಲ್ಲ. ನಮ್ಮೆಜಮಾನ ಹೇಳಿದ್ದು ಒಂದೇ ಮಾತು, ಬಸ್ಸಾಗೆ ಕುಂತ್ಕೊ, ದೊಡ್ಡ ಕುರಿ ಕಾಣ್ತದೆ, ಇಳಿ ಅಂತ. ಇಳಿದೆ. ಇವತ್ತಿಗೂ ಇಳೀತಾ ಇದೀನಿ. ಇದನ್ನ ಒಡದ್ರೆ ನಾಳೆ ನಾನು ಎಲ್ಲಿ ಇಳೀಲಿ, ನಿಮ್ಮನೆ ಮುಂದ್ಗಡೆನಾ?"

ಅದೇ ಹೊತ್ತಿಗೆ ಕುರಿಯ ಆ ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ, ಫ್ಯಾಕ್ಟರಿ ಯೂನಿಫಾರಮ್ಮಿನಲ್ಲಿದ್ದವನು, ಯಾರಿಗೋ ಫೋನಿನಲ್ಲಿ ತಮಿಳಿನಲ್ಲಿ ಹೇಳಿದ. "ನಾನ್ ಕುರಿ ಪಕ್ಕತ್ತುಲ ನಿಕ್ಕಿರೇನ್ ಡಾ." ನಾನು ಕುರಿ ಪಕ್ಕದಲ್ಲಿ ನಿಂತಿದ್ದೇನೆ ಕಣೋ.

ದೊಡ್ಡಪ್ಪ ಥಟ್ಟನೆ ಅವನ ಕಡೆ ತಿರುಗಿದರು. ಅವನು ಫೋನ್ ಇಡುವ ತನಕ ಕಾದು, ಈಗ ಚೆನ್ನಾಗಿಯೇ ಬರುವ ತಮಿಳಿನಲ್ಲಿ ಕೇಳಿದರು. "ತಂಬಿ, ಕುರಿನ್ನು ಸೊನ್ನಿಯೇ, ಎಂದ ಕುರಿ? ಆಡಾ, ಅಡೆಯಾಳಮಾ?" ಕುರಿ ಅಂದೆಯಲ್ಲ, ಯಾವ ಕುರಿ, ಪ್ರಾಣಿಯೋ ಗುರುತೋ?

ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ದೊಡ್ಡಪ್ಪನನ್ನು ನೋಡಿದ, ಕುರಿಯನ್ನು ನೋಡಿದ.

"ರೆಂಡುಂ ಒಣ್ಣುದಾನೇ ಅಣ್ಣಾ" ಅಂದ. ಎರಡೂ ಒಂದೇ ತಾನೇ ಅಣ್ಣಾ.

ಅವನ ಬಸ್ಸು ಬಂತು, ಹತ್ತಿ ಹೋದ. ಅವನಿಗೆ ತಾನು ಏನು ಹೇಳಿದೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಾಗಿತ್ತು. ತಲೈವರು ಕೇಳಿದ್ದು ಗುರುತು. ದೂರದಿಂದ ಕಾಣಬೇಕು, ಬಸ್ಸಿನವರಿಗೆ ಗೊತ್ತಾಗಬೇಕು, ಬೆಳ್ಳಗಿರಬೇಕು, ರಸ್ತೆ ನೋಡಬೇಕು ಅಂತ ಕೇಳಿದರು. ಇದರಲ್ಲಿ ಯಾವುದು ತಪ್ಪಿದೆ? ಒಂದು ಸುಣ್ಣದ ಕಲ್ಲು ಇಟ್ಟಿದ್ದರೆ ಮೊದಲ ಮಳೆಗಾಲಕ್ಕೇ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ತಪ್ಪು ಕೇಳಿಸಿಕೊಂಡ ಮನುಷ್ಯನೇ ಹೇಳಿದ ಕೆಲಸವನ್ನು ಪೂರ್ತಿ ಮಾಡಿದ್ದ. ಎರಡು ಭಾಷೆಗಳು ಒಂದು ಮೂಲೆಯಲ್ಲಿ ಡಿಕ್ಕಿ ಹೊಡೆದು, ಆ ಜಾಗದಲ್ಲಿ ಕೊಂಬಿರುವ ಪ್ರಾಣಿ ಎದ್ದು ನಿಂತಿತ್ತು. ಇದೆಲ್ಲ ದೊಡ್ಡಪ್ಪನಿಗೆ ಹೇಳಬೇಕು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು.

ಅವರು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕುರಿಯ ತಲೆಯ ಹತ್ತಿರ ಬಗ್ಗಿ ನೋಡುತ್ತಿದ್ದರು.

"ಯಾರ್ಲಾ ಈ ಕಿವಿ ಮಾಡಿರೋನು?"

ಎಡಗಿವಿ ಯಾವಾಗಲೋ ಲಾರಿ ತಾಗಿ ಮುರಿದುಹೋಗಿತ್ತು. ಪಂಚರ್ ಅಂಗಡಿಯವನು ಎಂ-ಸೀಲ್ ಹಾಕಿ ಹೊಸದು ಮಾಡಿ ಅಂಟಿಸಿದ್ದ. ಹೂವಿನ ಅಕ್ಕ ಅದನ್ನೇ ಹೇಳಿದಳು, ಹೆಮ್ಮೆಯಿಂದ.

"ಇದು ಕುರಿ ಕಿವಿಯೇನಮ್ಮಾ? ನೋಡು, ಅಗಲಕ್ಕೆ ಜೋತು ಬಿದ್ದೈತೆ! ಇದು ಮೇಕೆ ಕಿವಿ! ಕುರಿ ತಲೆಗೆ ಮೇಕೆ ಕಿವಿ ಅಂಟಿಸವ್ನೆ. ಕುರಿ ನೋಡವ್ನಾ ಅವ್ನು ಯಾವತ್ತಾದ್ರೂ?" ದೊಡ್ಡಪ್ಪನಿಗೆ ಅಷ್ಟು ಕೋಪ ಹಿಂದಿನ ದಿನ ಸೇವಂತಿಗೆ ಸಾಲಿನಲ್ಲೂ ಇರಲಿಲ್ಲ.

"ಏನಣ್ಣಾ, ಒಡೆಯಾಕೆ ಬಂದೋನಿಗೆ ಯಾವ ಕಿವಿ ಇದ್ರೇನು?" ಅಂದಳು ಅಕ್ಕ.

ದೊಡ್ಡಪ್ಪ ಸುತ್ತಿಗೆಯನ್ನು ಚೀಲದಿಂದ ತೆಗೆದರು. ಒರಗಿದ್ದವರೆಲ್ಲ ದೂರ ಸರಿದರು. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ, ಆದರೆ ಮುಚ್ಚಿಕೊಂಡರೆ ವಾಸಿ ಅನ್ನಿಸಿತು. ಅವರು ಮಂಡಿಯೂರಿ ಕೂತು ಕುರಿಯ ಕಾಲಿನ ಕೆಳಗಿನ ಕಟ್ಟೆಗೆ, ಬರೀ ಕಟ್ಟೆಗೆ, ಮೆಲ್ಲಗೆ ಒಂದು ಪೆಟ್ಟು ಹಾಕಿ ಸದ್ದು ಕೇಳಿದರು. ಇನ್ನೊಂದು ಕಡೆ ಇನ್ನೊಂದು ಪೆಟ್ಟು.

ಜೆಸಿಬಿ ಬಂದಾಗ ಬಿಸಿಲು ಬಂದಿತ್ತು. ಸೂಪರ್‌ವೈಸರ್ ಇಳಿದು ಸುತ್ತಿಗೆ ನೋಡಿ, ಒಡೆಯುವವರು ಯಾರು ಅಂತ ಕೇಳಿದ.

"ಒಡೆಯಾದಿಲ್ಲ. ಎತ್ತಾದು" ಅಂದರು ದೊಡ್ಡಪ್ಪ. "ಚರಂಡಿ ದಾಟಿಸಿ ಆ ಕಡೆ ಇಡಾದು. ನಿಮ್ ಗಾಡಿಗೆ ಬೆಲ್ಟು ಐತಾ?"

"ಒಳಗಡೆ ಕಂಬಿ ಎಲ್ಲಿದೆ ಅಂತ ಗೊತ್ತಾ ನಿಮಗೆ?"

"ನಂಗೇನ್ ಗೊತ್ತು? ಕೈಗೆ ಸಿಕ್ಕಿದ್ದೆಲ್ಲಾ ಹಾಕಿರ್ತೀನಿ."

ಆಗ ಹೂವಿನ ಅಕ್ಕ ಕೈಯಲ್ಲಿದ್ದ ದಾರ ಬಿಟ್ಟಳು. "ನೀನಾ ಮಾಡಿರೋದು?" ಅಂದಳು. ದೊಡ್ಡಪ್ಪ ಸುತ್ತ ನಿಂತವರನ್ನು ಒಂದು ಸಲ ನೋಡಿದರು. ನನಗೆ ಗೊತ್ತು, ಅವರು ಕಾಯುತ್ತಿದ್ದದ್ದು ನಗುವಿಗೆ.

"ನಾನೇ ಕಣಮ್ಮಾ" ಅಂದರು. "ಕುರಿ ಇಡು ಅಂದ್ರು. ಇಟ್ಟೆ."

ಯಾರೂ ನಗಲಿಲ್ಲ. ಟೀ ಅಂಗಡಿಯವನು ಒಂದು ಟೀ ತಂದು ಅವರ ಕೈಗೆ ಕೊಟ್ಟ. ಅವರು ಅದನ್ನು ಕುಡಿಯದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.

ಎತ್ತುವ ಕೆಲಸ ಸುಲಭವಾಗಲಿಲ್ಲ. ಕಟ್ಟೆ ಬಿಡಿಸಿ, ಹೊಟ್ಟೆಯ ಕೆಳಗೆ ಬೆಲ್ಟು ಹಾಕಿ, ಮೇಲೆ ಗೋಣಿ ಸುತ್ತಿ ಎತ್ತಿದರು. ಕುರಿ ನೆಲ ಬಿಟ್ಟಿತು. ಎಮ್ಮೆಯಷ್ಟು ಕುರಿ ಗಾಳಿಯಲ್ಲಿ, ಮುಖದಲ್ಲಿ ಅದೇ ಹೆಸರು ಮರೆತ ನಗು, ನಿಧಾನವಾಗಿ ತಿರುಗುತ್ತ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿತು. ರಸ್ತೆಯಲ್ಲಿ ಬಸ್ಸುಗಳು ನಿಂತುಬಿಟ್ಟಿದ್ದವು. ಹಾರ್ನ್ ಇಲ್ಲ, ಮಾತಿಲ್ಲ. ನಾವು ಹಾಗೆ ನಿಂತಿರುವಾಗ ಕುರಿಯ ಹಿಂಗಾಲು ಒಂದು ಚಟಕ್ಕನೆ ಮುರಿದು ಬಿತ್ತು. ಅದರ ಜೊತೆ ಪಕ್ಕೆಯ ಒಂದು ದೊಡ್ಡ ಚಕ್ಕೆಯೂ ಕಳಚಿತು, ಕೆಂಪು ಗುರುತು ಇದ್ದ ಕಡೆಯೇ.

ಎಲ್ಲರ ಬಾಯಿಂದಲೂ ಅಯ್ಯೋ ಬಂತು. ಆಮೇಲೆ ನಾನು ಆ ತೂತಿನೊಳಗೆ ನೋಡಿದೆ.

ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಸಿಮೆಂಟ್ ಪ್ರಾಣಿ ಮಾಡುವವರು ಒಳಗೆ ಒಂದು ಗೂಡು ಕಟ್ಟುತ್ತಾರೆ, ನಾಲ್ಕು ಕಂಬಿ, ಮೇಲೆ ಬಲೆ, ಅಷ್ಟೇ. ನಾನು ಮಾಡುವುದೂ ಅಷ್ಟೇ. ಇದರೊಳಗೆ ಪಕ್ಕೆಲುಬುಗಳಿದ್ದವು. ಒಂದೊಂದು ಕಂಬಿಯನ್ನೂ ಬಿಲ್ಲಿನ ಹಾಗೆ ಬಗ್ಗಿಸಿ, ಮೇಲೆ ಬೆನ್ನುಮೂಳೆಯ ಹಾಗೆ ಒಂದು ದಪ್ಪ ಕಂಬಿಗೆ ಕಟ್ಟಿ, ಮುಂದೆ ಸಣ್ಣದು, ಮಧ್ಯೆ ಅಗಲ, ಹಿಂದೆ ಮತ್ತೆ ಸಣ್ಣದು, ಸಾಲಾಗಿ. ನಿಜವಾದ ಕುರಿಯ ಪಕ್ಕೆ. ಮೇಲೆ ಸಿಮೆಂಟ್ ಬಿದ್ದ ಮೇಲೆ ಅದು ಯಾರಿಗೂ, ಯಾವತ್ತಿಗೂ ಕಾಣುವ ಹಾಗಿರಲಿಲ್ಲ. ಬಿಸಿಲು ಆ ತೂತಿನಿಂದ ಒಳಗೆ ಹೋಗಿ ತುಕ್ಕು ಹಿಡಿದ ಆ ಕೆಂಪು ಬಿಲ್ಲುಗಳ ಮೇಲೆ ಬಿದ್ದಿತ್ತು. ದೇವಸ್ಥಾನಗಳಲ್ಲಿ ನನಗೆ ಅಂಥದ್ದು ಆಗಿಲ್ಲ. ಅಲ್ಲಿ ಆಯಿತು.

"ದೊಡ್ಡಪ್ಪ, ಇದ್ಯಾಕೆ ಮಾಡಿದ್ರಿ? ಬೇಕಾಗೇ ಇರಲಿಲ್ಲ" ಅಂದೆ.

"ಏನ್ಲಾ ಅಂಗಂದ್ರೆ? ಕುರಿ ಅಂದ್ಮ್ಯಾಕೆ ಪಕ್ಕೆ ಇರಬ್ಯಾಡ್ವಾ?" ಅಂದರು, ನಾನೇ ದಡ್ಡ ಪ್ರಶ್ನೆ ಕೇಳಿದ ಹಾಗೆ.

ಕುರಿಯನ್ನು ಚರಂಡಿಯ ಆಚೆ ಇಟ್ಟಿಗೆಗಳ ಮೇಲೆ ನಿಲ್ಲಿಸಿದರು. ದೊಡ್ಡಪ್ಪ ನಮ್ಮ ಮನೆಯಲ್ಲಿ ಉಳಿದು ಹೊಸ ಕಾಲು ಕಟ್ಟಿದರು, ಪಕ್ಕೆ ಮುಚ್ಚಿದರು. ನಾನು ಶಿಫ್ಟ್ ಮುಗಿಸಿ ಬಂದು ಸಿಮೆಂಟು ಮರಳಿನ ಮಾಲು ಕಲಸಿಕೊಟ್ಟೆ. ಪಕ್ಕೆ ಮುಚ್ಚುವ ದಿನ ನನಗೆ ಸಂಕಟವಾಯಿತು. ಒಂದು ಸಣ್ಣ ಕಿಂಡಿ ಬಿಡೋಣ, ಜನ ಒಳಗೆ ನೋಡಲಿ ಅಂತ ಎಷ್ಟು ಬೇಡಿಕೊಂಡರೂ ಅವರು ಒಪ್ಪಲಿಲ್ಲ. "ನಿನ್ ಹೊಟ್ಟೇಗೆ ಕಿಂಡಿ ಮಡಗ್ಲಾ? ನೋಡಾನ ಎಂಗಿರ್ತದೆ" ಅಂದು ಕರಣೆಯಲ್ಲಿ ಸಿಮೆಂಟ್ ಎಳೆದುಬಿಟ್ಟರು. ಹೊಸ ಕಾಲು ಮಾತ್ರ ಪಿಲ್ಲರಿನ ಹಾಗಿಲ್ಲ. ಮಂಡಿ ಇದೆ, ಗೊರಸು ಇದೆ. ಮೂರು ಕಾಲು ಕಟ್ಟಡದ್ದು, ಒಂದು ಕಾಲು ಕುರಿಯದ್ದು.

ಜಗಳ ಉಳಿದಿರುವುದು ಎಡಗಿವಿಯದು. ಕೆಲಸ ಮುಗಿಯುವ ದಿನ ದೊಡ್ಡಪ್ಪ ಉಳಿ ತೆಗೆದುಕೊಂಡು ಆ ಕಿವಿಯ ಹತ್ತಿರ ಹೋದರು. ಹೂವಿನ ಅಕ್ಕ ಬುಟ್ಟಿ ಬಿಟ್ಟು ಎದ್ದು ಅಡ್ಡ ನಿಂತಳು.

"ಕಿವಿ ಮುಟ್ಟಬ್ಯಾಡ. ಇಷ್ಟು ವರ್ಷ ಅದೇ ಕಿವಿ ನೋಡಿದೀವಿ."

"ಅದು ಮೇಕೇದು ಕಣಮ್ಮಾ!"

"ಇರ್ಲಿ. ಅದಕ್ಕೇನು ಕಿವಿ ಕೇಳಿಸ್ತದಾ?"

ಪಂಚರ್ ಅಂಗಡಿಯವನೂ ಬಂದು ಅವಳ ಪಕ್ಕ ನಿಂತ. ದೊಡ್ಡಪ್ಪ ಇಬ್ಬರನ್ನೂ ನೋಡಿ, ಉಳಿ ಚೀಲಕ್ಕೆ ಹಾಕಿಕೊಂಡು, ಮುಂದಿನ ಸಲ ಬಂದಾಗ ಕಿತ್ತುಹಾಕದೆ ಬಿಡುವುದಿಲ್ಲ ಅಂದರು. ಬಾ ನೋಡೋಣ ಅಂದಳು ಅಕ್ಕ.

ಆಮೇಲೆ ಅವರು ಬರುತ್ತಲೇ ಇದ್ದಾರೆ. ಹೂವು ತರುವ ದಿನಗಳಲ್ಲಿ ಮಾರ್ಕೆಟ್ಟಿಗೆ ಹಾಕಿ, ಹಿಂದಿರುಗುವಾಗ ಕುರಿಯ ಹತ್ತಿರ ಇಳಿಯುತ್ತಾರೆ. ಚೀಲದಲ್ಲಿ ಉಳಿ ಇರುತ್ತದೆ. ಒಂದು ಸುತ್ತು ಹಾಕಿ ಹೊಸ ಕಾಲು ತಟ್ಟಿ ನೋಡುತ್ತಾರೆ, ಟೀ ಕುಡಿಯುತ್ತಾರೆ, ಅಕ್ಕನ ಜೊತೆ ಜಗಳ ಆಡುತ್ತಾರೆ. ಮೇಕೆ ಕಿವಿ ಇನ್ನೂ ಅಲ್ಲೇ ಇದೆ.